ಗ್ಯಾಸ್ ಬಾಯ್ಲರ್ ತೆಗೆದು ಹೀಟ್ ಪಂಪ್ ಹಾಕಿಸಬೇಕೆ?

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ನಮ್ಮ ಕನ್ನಡದ ಮನೆಗಳಲ್ಲಿ ಯಾರಲ್ಲಿಗೆ ಊಟಕ್ಕೆ ಹೋದರೂ ನನಗೆ ಎದುರಾಗುವ ಪ್ರಶ್ನೆ ಒಂದೇ: “ಹೀಟ್ ಪಂಪ್ ಹಾಕಿಸಿದ್ದೀರಂತೆ, ಹಾಕಿದ ದುಡ್ಡು ಹುಟ್ಟುತ್ತಾ?”

ಯಂತ್ರದ ಬಗ್ಗೆ ಅನುಮಾನ ಬೇಡ. ಫ್ರಿಜ್ಜು ಒಳಗಿನ ಬಿಸಿಯನ್ನು ಹೊರಗೆ ಹಾಕುತ್ತದೆ. ಹೀಟ್ ಪಂಪು ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಎಳೆದು ಒಳಗೆ ತರುತ್ತದೆ. ಗ್ಲಾಸ್ಗೋದಲ್ಲಿ ವಿಜ್ಞಾನಿ ಕೆಲ್ವಿನ್ ಈ ಉಪಾಯವನ್ನು ಬರೆದಿಟ್ಟದ್ದು 1852ರಲ್ಲಿ. 1945ರಲ್ಲಿ ಜಾನ್ ಸಮ್ನರ್ ಎಂಬ ಎಂಜಿನಿಯರ್ ನಾರ್ವಿಚ್ ಊರಿನ ನದಿಯ ನೀರಿನಿಂದ ಬಿಸಿ ತೆಗೆದು ಒಂದು ಕಚೇರಿ ಕಟ್ಟಡವನ್ನೇ ಬೆಚ್ಚಗಿಟ್ಟರು. ನಮಗಿಂತ ಎಷ್ಟೋ ಹೆಚ್ಚು ಚಳಿಯ ನಾರ್ವೆಯಲ್ಲಿ ಇದು ಮನೆಮಾತು.

ತೊಡಕಿರುವುದು ದರದಲ್ಲಿ. ಇಲ್ಲಿ ಒಂದು ಯೂನಿಟ್ ಕರೆಂಟಿನ ಬೆಲೆ ಗ್ಯಾಸಿನ ಸುಮಾರು ನಾಲ್ಕು ಪಟ್ಟು. ಲೆಕ್ಕಕ್ಕೆಂದು ಗ್ಯಾಸು ಆರೂವರೆ ಪೆನ್ಸ್, ಕರೆಂಟು 26 ಪೆನ್ಸ್ ಇಟ್ಟುಕೊಳ್ಳಿ. ವರ್ಷಕ್ಕೆ 12,000 ಯೂನಿಟ್ ಗ್ಯಾಸು ಉರಿಸುವ ಮನೆಗೆ 780 ಪೌಂಡ್. ಬಾಯ್ಲರಿನಲ್ಲಿ ಒಂದು ಪಾಲು ಹೊಗೆಯ ಜೊತೆ ಹೋಗುವುದರಿಂದ ಮನೆಗೆ ಸಿಗುವ ಬಿಸಿ ಸುಮಾರು 10,500 ಯೂನಿಟ್. ಹೀಟ್ ಪಂಪು ಒಂದು ಯೂನಿಟ್ ಕರೆಂಟಿಗೆ ಮೂರೂವರೆ ಯೂನಿಟ್ ಬಿಸಿ ಕೊಟ್ಟರೆ ಅಷ್ಟೇ ಬಿಸಿಗೆ 3,000 ಯೂನಿಟ್ ಕರೆಂಟು ಸಾಕು, ಮತ್ತೆ ಅದೇ 780 ಪೌಂಡ್. ನಾಲ್ಕು ಕೊಟ್ಟರೆ ಸುಮಾರು ನೂರು ಪೌಂಡ್ ಉಳಿತಾಯ. ಒಂದಕ್ಕೆ 2.8 ಮಾತ್ರ ಕೊಟ್ಟರೆ ಸುಮಾರು ಇನ್ನೂರು ಪೌಂಡ್ ಕೈಯಿಂದ ಹೋಗುತ್ತದೆ.

ಈ 2.8 ಮತ್ತು ನಾಲ್ಕರ ನಡುವೆ ನಿರ್ಧಾರವಾಗುವುದು ರೇಡಿಯೇಟರಿಗೆ ಹೋಗುವ ನೀರು ಎಷ್ಟು ಬಿಸಿ ಎಂಬುದರ ಮೇಲೆ: ನೀರು ಹೆಚ್ಚು ಬಿಸಿಯಾದಷ್ಟೂ ಪಂಪು ಒಂದಕ್ಕೆ ಕೊಡುವುದು ಕಡಿಮೆ. ನಮ್ಮದು 1930ರ ದಶಕದ ಮನೆ. ಹಾಕಿದವರು 55 ಡಿಗ್ರಿಗೆ ಇಟ್ಟು ಹೋಗಿದ್ದರು, ನಮಗೂ ತಿಳಿಯಲಿಲ್ಲ. ಅದರ ಮೇಲೆ ಊರಿನಿಂದ ಬಂದ ಅಭ್ಯಾಸ: ಹೊರಗೆ ಹೋಗುವಾಗ ಆರಿಸು, ಬಂದಾಗ ಹಾಕು. ಮೊದಲ ಜನವರಿಯ ಬಿಲ್ಲು ನೋಡಿ ನನ್ನ ಹೆಂಡತಿ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಎರಡು ಕೋಣೆಗೆ ದೊಡ್ಡ ರೇಡಿಯೇಟರ್ ಹಾಕಿಸಿ, ನೀರನ್ನು 42ಕ್ಕೆ ಇಳಿಸಿ, ಹಗಲೂ ರಾತ್ರಿ ಸಣ್ಣ ಉರಿಯಲ್ಲಿ ಬೇಯಿಸಿದ ಹಾಗೆ ನಡೆಯಲು ಬಿಟ್ಟೆವು. ಮನೆಯ ತುಂಬ ಒಂದೇ ಹದದ ಬೆಚ್ಚಗೆ, ಬಿಲ್ಲೂ ಇಳಿಯಿತು.

ಇನ್ನು ಹಾಕಿಸುವ ಖರ್ಚು. ಸಾಮಾನ್ಯ ಮನೆಗೆ ಸುಮಾರು 12,000ದಿಂದ 13,000 ಪೌಂಡ್. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಸರ್ಕಾರದ ಸಹಾಯಧನ 2022ರಲ್ಲಿ 5,000 ಇತ್ತು, 2023ರ ಅಕ್ಟೋಬರಿನಲ್ಲಿ 7,500 ಆಯಿತು. ಹೊಸ ಬಾಯ್ಲರಿಗೂ ಎರಡೂವರೆ, ಮೂರು ಸಾವಿರ ಬೇಕಲ್ಲ? ಹಾಗಾಗಿ ನಿಜವಾದ ಹೆಚ್ಚುವರಿ ಎರಡು ಸಾವಿರದ ಆಸುಪಾಸು. ನಿಮ್ಮ ಬಾಯ್ಲರಿಗೆ ಹನ್ನೆರಡು, ಹದಿನೈದು ವರ್ಷವಾಗಿದ್ದರೆ ಹಾಕಿಸಿ ಎಂದೇ ಹೇಳುತ್ತೇನೆ. ಮೂರು ವರ್ಷದ ಬಾಯ್ಲರನ್ನು ಕಿತ್ತು ಹಾಕಿಸಬೇಡಿ.

ನಮ್ಮವರು ಮರೆಯುವ ಇನ್ನೆರಡು ಸಂಗತಿ ಇವೆ. ನಲ್ಲಿ ತಿರುಗಿಸಿದಾಗಲೇ ನೀರು ಕಾಯಿಸುವ ಕಾಂಬಿ ಬಾಯ್ಲರ್ ಇರುವ ಮನೆಗಳಲ್ಲಿ ಬಿಸಿನೀರಿನ ಸಿಲಿಂಡರ್ ಇರುವುದಿಲ್ಲ. ಹೀಟ್ ಪಂಪಿಗೆ ಅದು ಬೇಕು. ಬಚ್ಚಲಿನ ಹಂಡೆ ಮತ್ತೆ ಮನೆಗೆ ಬಂದ ಹಾಗೆ, ಜಾಗ ಹುಡುಕಿಡಿ. ಎರಡನೆಯದು ಅಡುಗೆಮನೆ. ಗ್ಯಾಸ್ ಸಂಪರ್ಕವನ್ನೇ ತೆಗೆಸಿದರೆ ಅದರ ದಿನದ ಬಾಡಿಗೆ, ವರ್ಷಕ್ಕೆ ನೂರು ಪೌಂಡಿನಷ್ಟು, ಉಳಿಯುತ್ತದೆ. ಆದರೆ ಬದನೆಕಾಯಿ ಸುಡಲು, ಜೋಳದ ರೊಟ್ಟಿ ಉಬ್ಬಿಸಲು ಉರಿ ಇರುವುದಿಲ್ಲ. ನಾವು ಇಂಡಕ್ಷನ್‌ಗೆ ಬಂದೆವು. ಎಣ್ಣೆಗಾಯಿಗೇನೂ ಕೊರತೆಯಿಲ್ಲ, ಸುಟ್ಟ ಬದನೆಕಾಯಿ ಬಜ್ಜಿ ಮಾತ್ರ ಬೇಸಿಗೆಯಲ್ಲಿ ಹಿತ್ತಲಿನ ಕೆಂಡದ ಮೇಲೆ.

ಸಹಿ ಹಾಕುವ ಮೊದಲು ಪಂಪ್ ಹಾಕಿಕೊಡುವವರನ್ನು ಒಂದು ಪ್ರಶ್ನೆ ಕೇಳಿ: “ಹೊರಗೆ ಸೊನ್ನೆಗಿಂತ ಎರಡು ಡಿಗ್ರಿ ಕೆಳಗಿದ್ದಾಗ ರೇಡಿಯೇಟರಿಗೆ ಎಷ್ಟು ಡಿಗ್ರಿಯ ನೀರು ಬಿಡುತ್ತೀರಿ?” ನಲವತ್ತೈದರ ಒಳಗೆ ಹೇಳಿ, ಯಾವ ಕೋಣೆಗೆ ಎಷ್ಟು ಬಿಸಿ ಬೇಕೆಂಬ ಲೆಕ್ಕ ತೋರಿಸಿದರೆ ಮುಂದುವರಿಯಿರಿ. ತಡವರಿಸಿದರೆ ಬೇರೆಯವರನ್ನು ಕರೆಸಿ. ಇವತ್ತು ಅವರು ಕೊಟ್ಟ ಖರ್ಚಿನ ಅಂದಾಜು ಪಟ್ಟಿ ತಂದಿರುವವರು ಊಟವಾದ ಮೇಲೆ ಇಲ್ಲೇ ಇರಿ, ಒಟ್ಟಿಗೆ ಕೂತು ನೋಡೋಣ.