ಕಲ್ಲು ಕಣ್ಣು ಬಿಟ್ಟಾಗ

ಎಡಬದಿಯ ಬಂಡೆಯನ್ನು ಸ್ವಲ್ಪ ಗಮನವಿಟ್ಟು ನೋಡಿ. ನಾನೂ ಮೊದಲು ಬರಿಯ ಕಲ್ಲೆಂದೇ ತಿಳಿದಿದ್ದೆ. ಬಿಸಿಲೇರುತ್ತಿದ್ದಂತೆ ಆ ಕಲ್ಲು ಕಣ್ಣು ಬಿಟ್ಟಿತು. ಕೆಂಡದಂತಹ ಕೆಂಪು ಕಣ್ಣು!

ಇದು ಕೆರಿಬಿಯನ್ ಸಮುದ್ರದ ಗ್ರ್ಯಾಂಡ್ ಕೇಮನ್ ದ್ವೀಪ. ನಾನು ನಿಂತಿರುವುದು ಎರಡನೇ ಎಲಿಜಬೆತ್ ರಾಣಿಯ ಹೆಸರಿನ ಸಸ್ಯೋದ್ಯಾನದಲ್ಲಿ. ಬಂಡೆಯ ಮೇಲಿರುವುದು ನೀಲಿ ಇಗ್ವಾನಾ ಎಂಬ ಹಲ್ಲಿ ಜಾತಿಯ ದೊಡ್ಡ ಪ್ರಾಣಿ. ಈ ದ್ವೀಪ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಇದಿಲ್ಲ. ದೊಡ್ಡ ಗಂಡು ಮೂತಿಯಿಂದ ಬಾಲದ ತುದಿಯವರೆಗೆ ಒಂದೂವರೆ ಮೀಟರ್ ಬೆಳೆಯುತ್ತದೆ. ತಿನ್ನುವುದು ಮಾತ್ರ ಹೆಚ್ಚಾಗಿ ಸೊಪ್ಪು, ಹೂವು, ಹಣ್ಣು.

ಈಗ ನೋಡಿ, ಇನ್ನೊಂದು ಗಂಡು ಸುಳಿಯಿತು. ನಮ್ಮೂರ ಬೇಲಿಯ ಮೇಲಿನ ಓತಿಕೇತದ ಹಾಗೆ ಇದೂ ತಲೆಯಾಡಿಸುತ್ತಿದೆ. ಒಂಟಿಯಾಗಿದ್ದಾಗ ಸುಣ್ಣಕಲ್ಲಿನ ಬೂದು ಬಣ್ಣ, ತನ್ನ ಜಾತಿಯವರು ಎದುರಾದರೆ ನೀಲಿ. ಕುತ್ತಿಗೆಯಿಂದ ಬೆನ್ನಿಗೆ ನೀಲಿ ಏರುತ್ತಿರುವುದನ್ನು ಕಂಡು ನಾನು ಉಸಿರಾಡುವುದನ್ನೇ ಮರೆತೆ.

ಕುತ್ತಿಗೆಯ ಮುಳ್ಳುಸಾಲಿನಲ್ಲಿ ಪೋಣಿಸಿರುವ ಬಣ್ಣದ ಮಣಿಗಳು ಕಾಣುತ್ತಿವೆಯೇ? ಅವು ಅಲಂಕಾರಕ್ಕಲ್ಲ. ಮಣಿಗಳ ಬಣ್ಣ ಮತ್ತು ಕ್ರಮ ನೋಡಿ ಇದು ಯಾವ ಇಗ್ವಾನಾ ಎಂದು ದೂರದಿಂದಲೇ ಹೇಳುತ್ತಾರೆ. ಒಂದೊಂದನ್ನೂ ಹೀಗೆ ಗುರುತಿಟ್ಟುಕೊಳ್ಳಲು ಕಾರಣವಿದೆ. 2002ರ ಸಮೀಕ್ಷೆಯ ಅಂದಾಜಿನಂತೆ ಕಾಡಿನಲ್ಲಿ ಉಳಿದಿದ್ದುದು 10ರಿಂದ 25 ಅಷ್ಟೇ. ಊಟದ ಒಂದು ಪಂಕ್ತಿಗೂ ಸಾಲದಷ್ಟು.

ಹಿಂದೆ ರೈತರ ಹಣ್ಣಿನ ತೋಟಗಳಲ್ಲಿ ಇವುಗಳಿಗೆ ಮೇವಿತ್ತು. ತೋಟಗಳು ದನಗಳ ಹುಲ್ಲುಗಾವಲಾದವು, ರಸ್ತೆಗಳು ಬಂದವು. ಮರಿಗಳು ಬೆಕ್ಕು, ಇಲಿಗಳ ಬಾಯಿಗೆ ಬಿದ್ದವು, ದೊಡ್ಡವು ಬೀದಿನಾಯಿಗಳ ಪಾಲಾದವು. 1990ರಲ್ಲಿ ಶುರುವಾದ ಸಂರಕ್ಷಣಾ ಯೋಜನೆ ಕೈಹಿಡಿಯದಿದ್ದರೆ ಇವತ್ತು ಇಲ್ಲಿ ಬರಿಯ ಬಂಡೆಯೇ ಇರುತ್ತಿತ್ತು. ಮೊಟ್ಟೆಗಳನ್ನು ಕಾವುಪೆಟ್ಟಿಗೆಯಲ್ಲಿ ಮರಿ ಮಾಡಿಸಿ, ಬೆಕ್ಕಿಗೆ ಸುಲಭದ ತುತ್ತಾಗದಷ್ಟು ದೊಡ್ಡದಾಗುವವರೆಗೆ ಸಾಕಿ, ನಂತರ ಸಲೀನಾ ಅಭಯಾರಣ್ಯದಂತಹ ಕಡೆ ಬಿಟ್ಟರು. 2018ರಲ್ಲಿ ಹೀಗೆ ಬಿಟ್ಟವುಗಳ ಲೆಕ್ಕ ಸಾವಿರ ಮುಟ್ಟಿತು. ಆದರೂ ಅಳಿವಿನ ಪಟ್ಟಿಯಿಂದ ಇವು ಹೊರಬಂದಿಲ್ಲ. ನಾಯಿ, ಬೆಕ್ಕುಗಳೂ ದ್ವೀಪ ಬಿಟ್ಟು ಹೋಗಿಲ್ಲ.

ಇವುಗಳ ಆಯುಷ್ಯವೂ ದೊಡ್ಡದು. 1950ರಲ್ಲಿ ಇಲ್ಲಿಂದ ಹಿಡಿದೊಯ್ದಿದ್ದ ಒಂದು ಇಗ್ವಾನಾ ಅಮೆರಿಕದಲ್ಲಿ 2004ರವರೆಗೆ ಬದುಕಿತ್ತು.

ಸೋತ ಗಂಡು ಪೊದೆ ಸೇರಿತು. ಗೆದ್ದದ್ದು ಮತ್ತೆ ಅದೇ ಬಂಡೆಯ ಮೇಲೆ ಹೊಟ್ಟೆ ಊರಿ ಮಲಗಿದೆ. ಬೆನ್ನಿನ ನೀಲಿ ನಿಧಾನವಾಗಿ ಇಳಿಯುತ್ತಿದೆ, ನೋಡಿ. ಬಾಲ ಆಗಲೇ ಬೂದುಬಣ್ಣಕ್ಕೆ ತಿರುಗಿದೆ.