ಮೊದಲು ಕೇಳಿ, ಆಮೇಲೆ ಲಾರಿ ಹತ್ತಿಸಿ

ಫಾದರ್, ಸಿಸ್ಟರ್‌ಗಳೇ, ಚರ್ಚಿನ ವಾರ್ಡುಗಳನ್ನು ನೋಡಿಕೊಳ್ಳುವ ಗುರಿಕಾರರೇ, ಹಿಂದಿನ ಬೆಂಚುಗಳಲ್ಲಿ ಒತ್ತಿಕೊಂಡು ಕೂತಿರುವ ಯುವಕ ಯುವತಿಯರೇ, ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲು ಖಾಲಿ ಇದೆ, ಬನ್ನಿ ಬನ್ನಿ. ಯಾರನ್ನೂ ಎಬ್ಬಿಸಿ ಪ್ರಶ್ನೆ ಕೇಳಲ್ಲ.

ಇನ್ನು ಕೆಲವೇ ವಾರಕ್ಕೆ ಮಳೆ ಹಿಡಿಯುತ್ತದೆ. ಅದಕ್ಕೇ ನೆರೆ, ಗುಡ್ಡ ಕುಸಿತದ ಹೊತ್ತಿಗೆ ನೆರವಿಗೆ ಹೋಗುವವರ ಈ ತರಬೇತಿ ಈಗಲೇ ಆಗಬೇಕು ಅಂತ ನಾನು ಹಠ ಹಿಡಿದಿದ್ದು. 2018ರ ಆಗಸ್ಟ್ ಹೇಗಿತ್ತು ಅಂತ ಈ ಹಾಲಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಕೊಡಗಿನ ಕಡೆ ಗುಡ್ಡ ಕುಸಿದ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಅಂದರೆ ಸಾಕು. ಮರುವರ್ಷ ತೋರ, ಚಾರ್ಮಾಡಿ. 2024ರ ಜುಲೈ 16ಕ್ಕೆ ಅಂಕೋಲಾ ಹತ್ತಿರದ ಶಿರೂರು, ಅದೇ ತಿಂಗಳ 30ಕ್ಕೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲ. ಇಂಥ ಸುದ್ದಿ ಬಂದಾಗೆಲ್ಲ ಚರ್ಚುಗಳಿಂದ ಹುಡುಗರು ಬೈಕು, ಜೀಪು ಹತ್ತಿ ಹೊರಡುತ್ತಾರೆ, ಅಮ್ಮಂದಿರು ರಾತ್ರಿಯಿಡೀ ಚಪಾತಿ ಲಟ್ಟಿಸಿ ಕಳಿಸುತ್ತಾರೆ. ಒಳ್ಳೆಯ ಮನಸ್ಸಿಗೆ ನಮ್ಮಲ್ಲಿ ಬರ ಇಲ್ಲ. ಕಲಿತವರು ಮಾತ್ರ ಸಾಲದು. ಏನೂ ಕಲಿಯದೆ ಹೋದ ಸ್ವಯಂಸೇವಕನಿಗೆ ಅಲ್ಲಿ ಊಟ ಬೇಕು, ಮಲಗಲು ಜಾಗ ಬೇಕು, ದಾರಿ ತೋರಿಸಲು ಒಬ್ಬರು ಬೇಕು, ಜಾರಿ ಬಿದ್ದರೆ ಎತ್ತಲು ಇಬ್ಬರು ಬೇಕು. ಇದನ್ನೆಲ್ಲ ಮನೆ ಕಳೆದುಕೊಂಡವರ ಪಾಲಿನಿಂದಲೇ ಕೊಡಬೇಕಾಗುತ್ತದೆ ಅಲ್ವಾ?

ಒಂದು ಸಂಗತಿ ಹೇಳಬೇಕು. ಕೆಲವರು ಆಗಲೇ ಕೇಳಿದ್ದೀರಿ, ಇನ್ನೊಂದು ಸಲ ಕೇಳಿ, ಪರವಾಗಿಲ್ಲ. 2018ರಲ್ಲಿ ನಾನಿದ್ದ ಗಂಜಿ ಕೇಂದ್ರಕ್ಕೆ ಒಂದು ರಾತ್ರಿ ಲಾರಿ ಬಂತು. ದೂರದ ಪೇಟೆಯಿಂದ ಬಂದದ್ದು, ತುಂಬ ಪ್ರೀತಿಯಿಂದ ಕಳಿಸಿದ್ದರು. ಲಾರಿಯಿಡೀ ಹಳೆ ಬಟ್ಟೆ. ಮಳೆ ಸುರಿಯುತ್ತಿತ್ತು, ಡ್ರೈವರ್‌ಗೆ ವಾಪಸ್ ಹೋಗುವ ಅವಸರ, ಹುಡುಗರು ಮೂಟೆಗಳನ್ನು ಶಾಲೆಯ ಜಗುಲಿಗೆ ಎಸೆದರು. ಜಗುಲಿ ತುಂಬಿತು. ಉಳಿದದ್ದನ್ನು ಒಂದು ಕ್ಲಾಸ್ ರೂಮಿಗೆ ತುಂಬಿದರು. ಆ ರೂಮಿನಲ್ಲಿ ಮಲಗುತ್ತಿದ್ದ ಮನೆಯವರು ಚಾಪೆ ಸುತ್ತಿಕೊಂಡು ಇನ್ನೊಂದು ರೂಮಿನವರ ಕಾಲಬುಡಕ್ಕೆ ಹೋದರು. ಬೆಳಿಗ್ಗೆ ನೋಡಿದರೆ ಜಗುಲಿಯ ಮೂಟೆಗಳೆಲ್ಲ ನೆನೆದು ಮುಗ್ಗಲು ವಾಸನೆ. ಬಿಚ್ಚಿದರೆ ಒಂಟಿ ಚಪ್ಪಲಿ, ಜರಿ ಹರಿದ ಮದುವೆ ರವಿಕೆ, ಗುಂಡಿ ಇಲ್ಲದ ಕೋಟು. ಕೇಂದ್ರದ ಜನ ದಿನವಿಡೀ ಅದನ್ನೇ ವಿಂಗಡಿಸಿದರು.

ಅದೇ ಜಗುಲಿಯ ಮೂಲೆಯಲ್ಲಿ ಒಬ್ಬರು ಅಜ್ಜಿ ಗೋಡೆಗೆ ಒರಗಿ ಕೂತಿದ್ದರು. ಬಂದವರೆಲ್ಲ ಸೀರೆ ಕೊಡ್ತಾರೆ, ಅಜ್ಜಿ ಪಕ್ಕಕ್ಕೆ ಇಡ್ತಾರೆ. ಏನು ಬೇಕು ಅಜ್ಜಿ ಅಂದರೆ "ಏನೂ ಬೇಡ ಮಗಾ" ಅಂತಾರೆ. ನರ್ಸಿಂಗ್ ಓದುತ್ತಿದ್ದ ಒಬ್ಬ ಹುಡುಗಿ ನಮ್ಮ ಜೊತೆ ಬಂದಿದ್ದಳು. ಅವಳು ಅಜ್ಜಿಯ ಪಕ್ಕ ನೆಲದ ಮೇಲೆ ಕೂತು, ಏನು ಬೇಕು ಅಂತ ಕೇಳಲೇ ಇಲ್ಲ. "ಅಜ್ಜಿ, ಮನೆಯಲ್ಲಿ ಬೆಳಿಗ್ಗೆ ಎದ್ದು ಏನೇನು ಮಾಡ್ತಿದ್ರಿ?" ಅಂದಳು. ಅಜ್ಜಿ ಶುರು ಮಾಡಿದರು. ಒಲೆ ಹಚ್ಚುವುದು, ದನಕ್ಕೆ ಹುಲ್ಲು ಹಾಕುವುದು, ಕಾಫಿ, ಆಮೇಲೆ ಮಾತ್ರೆ. ಯಾವ ಮಾತ್ರೆ ಅಜ್ಜಿ? ಅಜ್ಜಿ ಸೆರಗಿನ ಗಂಟು ಬಿಚ್ಚಿದರು. ಮಡಚಿಟ್ಟ ಮಾತ್ರೆ ಪಟ್ಟಿ ಇತ್ತು, ಬಿಪಿ ಮಾತ್ರೆಯದ್ದು, ಒಂದೂ ಉಳಿದಿರಲಿಲ್ಲ. ಹೆಸರು ಮರೆತುಹೋಗಬಾರದು ಅಂತ ಖಾಲಿ ಪಟ್ಟಿಯನ್ನೇ ಜೋಪಾನ ಮಾಡಿದ್ದರು. ಎಷ್ಟು ದಿನ ಆಯ್ತು ನುಂಗದೆ? ಗುಡ್ಡ ಬಿದ್ದ ದಿನದಿಂದ. ಆ ಹುಡುಗಿ ಅದೇ ಪ್ರಶ್ನೆಯನ್ನು ಇಟ್ಟುಕೊಂಡು ರೂಮಿಂದ ರೂಮಿಗೆ ಹೋದಳು. ಸಂಜೆಗೆ ಅವಳ ನೋಟ್ ಬುಕ್ಕಿನಲ್ಲಿ ಏನಿತ್ತು ಗೊತ್ತಾ? ಸಕ್ಕರೆ ಕಾಯಿಲೆ ಮಾತ್ರೆ, ದಮ್ಮಿನ ಪಂಪು, ಓದುವ ಕನ್ನಡಕ, ಸ್ಯಾನಿಟರಿ ಪ್ಯಾಡ್, ಒಳಬಟ್ಟೆ, ಮಗುವಿಗೆ ಹಾಲು ಕಾಯಿಸಲು ಒಂದು ಚಿಕ್ಕ ಪಾತ್ರೆ. ಲಾರಿಯಲ್ಲಿ ಇದರಲ್ಲಿ ಒಂದೂ ಇರಲಿಲ್ಲ.

ನನ್ನ ಮಾತೆಲ್ಲ ಇಷ್ಟೇ. ಮೊದಲು ಕೇಳಿ, ಆಮೇಲೆ ಲಾರಿ ಹತ್ತಿಸಿ. ಮಧ್ಯಾಹ್ನ ಹಗ್ಗದ ಗಂಟು ಕಲಿಯುತ್ತೀರಿ, ಉಸಿರು ನಿಂತವರ ಎದೆ ಒತ್ತುವುದನ್ನು ಕಲಿಯುತ್ತೀರಿ, ಎಲ್ಲ ಬೇಕು. ಕೇಳುವುದನ್ನು ಕಲಿಯದಿದ್ದರೆ ಅವೂ ಅರ್ಧಂಬರ್ಧ.

ಇನ್ನು ಸಮಾರ್ಯದವನ ಕಥೆ. ಬೈಬಲಿನಲ್ಲಿ ಲೂಕನ ಸುವಾರ್ತೆಯ 10ನೇ ಅಧ್ಯಾಯ, ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದ ಅಪರಿಚಿತನಿಗೆ ನೆರವಾದವನ ಕಥೆ, ಎಷ್ಟು ಪ್ರಸಂಗ ಕೇಳಿದ್ದೀರೋ. ಅವನ ಕರುಣೆ ಬಗ್ಗೆ ಎಲ್ಲರೂ ಹೇಳ್ತಾರೆ. ನಾನು ಅವನ ಕೈಚೀಲ ನೋಡಿ ಅಂತೀನಿ. ಎಣ್ಣೆ ಇತ್ತು, ದ್ರಾಕ್ಷಾರಸ ಇತ್ತು, ಗಾಯ ಕಟ್ಟಿದ, ತನ್ನ ಪ್ರಾಣಿಯ ಮೇಲೆ ಕೂರಿಸಿದ, ಛತ್ರಕ್ಕೆ ಕರಕೊಂಡು ಹೋದ, ರಾತ್ರಿ ಆರೈಕೆ ಮಾಡಿದ, ಮಾರನೇ ದಿನ ಛತ್ರದವನ ಕೈಗೆ 2 ನಾಣ್ಯ ಕೊಟ್ಟು, ಇನ್ನೂ ಖರ್ಚಾದರೆ ತಿರುಗಿ ಬಂದಾಗ ಕೊಡ್ತೀನಿ ಅಂದ. ಪ್ರಥಮ ಚಿಕಿತ್ಸೆ, ಸಾಗಣೆ, ಆಶ್ರಯ, ಹಣ, ಮತ್ತೆ ಬಂದು ವಿಚಾರಿಸುವುದು, ಒಂದೂ ಬಿಟ್ಟಿಲ್ಲ. ಮತ್ತೆ ಗಮನಿಸಿ, ಗಾಯಾಳುವನ್ನು ನೀನು ಯಾವ ಜಾತಿ, ಯಾವ ದೇವಾಲಯಕ್ಕೆ ಹೋಗ್ತೀಯಾ ಅಂತ ಕೇಳಲಿಲ್ಲ. ಕೇಳಿ ಕೇಳಿ ಅಂತ ಆಗಿನಿಂದ ಹೇಳ್ತಾ ಇದ್ದೀನಲ್ಲ, ಇದೊಂದನ್ನು ಮಾತ್ರ ಕೇಳಬಾರದು.

ಇದನ್ನು ಒತ್ತಿ ಹೇಳಲು ಕಾರಣ ಇದೆ. 1994ರಲ್ಲಿ ರೆಡ್ ಕ್ರಾಸ್ ಮತ್ತು ದೊಡ್ಡ ಪರಿಹಾರ ಸಂಸ್ಥೆಗಳು ಸೇರಿ 10 ಅಂಶಗಳ ಒಂದು ನೀತಿಸಂಹಿತೆ ಮಾಡಿದವು. ಧರ್ಮ, ಜನಾಂಗ ನೋಡದೆ, ಯಾರಿಗೆ ಜಾಸ್ತಿ ಅಗತ್ಯವೋ ಅವರಿಗೆ ನೆರವು ಕೊಡಬೇಕು ಅಂತ ಅದರಲ್ಲಿದೆ. ನೆರವನ್ನು ಯಾವುದೇ ರಾಜಕೀಯ ಅಥವಾ ಧಾರ್ಮಿಕ ನಿಲುವನ್ನು ಹರಡಲು ಬಳಸಬಾರದು ಅಂತಲೂ ಇದೆ. ಇದನ್ನು ಯಾರೋ ಹೊರಗಿನವರು ನಮ್ಮ ಮೇಲೆ ಹೇರಿದ್ದಲ್ಲ. ಕ್ಯಾರಿತಾಸ್ ಇಂಟರ್‌ನ್ಯಾಶನಾಲಿಸ್, ಲುಥರನ್ ವರ್ಲ್ಡ್ ಫೆಡರೇಷನ್, ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್, ಈ ಚರ್ಚುಗಳ ಸಂಸ್ಥೆಗಳೆಲ್ಲ ಅದರ ಹಿಂದೆ ನಿಂತವರೇ. ಹಾಗಾಗಿ ಅಕ್ಕಿ ಚೀಲದ ಜೊತೆ ಕರಪತ್ರ ಬೇಡ. ಊಟಕ್ಕೆ ಮುಂಚೆ ಎಲ್ಲರನ್ನೂ ನಿಲ್ಲಿಸಿ ಪ್ರಾರ್ಥನೆ ಹೇಳಿಸುವುದು ಬೇಡ. ನೀವು ಬೆಳಿಗ್ಗೆ ಒಬ್ಬರೇ ಕೂತು ಪ್ರಾರ್ಥಿಸಿ, ಶಕ್ತಿ ಅಲ್ಲಿಂದಲೇ ಬರುವುದು. ಹಸಿದವನು ನಮ್ಮ ಕೈಯಿಂದ ಅನ್ನ ತಗೊಳ್ಳುವಾಗ ಅವನ ಮೇಲೆ ಯಾವ ಭಾರವೂ ಬೀಳಬಾರದು. ಇದರಲ್ಲಿ ನನಗೆ ರಾಜಿ ಇಲ್ಲ.

ಕೇಂದ್ರದಲ್ಲಿ ಕೆಲಸ ಮಾಡುವವರಿಗೆ ಕೆಲವು ಲೆಕ್ಕ ಬಾಯಿಪಾಠ ಇರಬೇಕು. ಸ್ಫಿಯರ್ ಕೈಪಿಡಿ ಅಂತ ಇದೆ, ಪ್ರಪಂಚದ ಪರಿಹಾರ ಸಂಸ್ಥೆಗಳೆಲ್ಲ ನೋಡುವಂಥದ್ದು. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ಕುಡಿಯಲು, ಅಡುಗೆಗೆ, ತೊಳೆಯಲು ಸೇರಿ. ಮಲಗಿ ಏಳಲು ಒಬ್ಬರಿಗೆ 3.5 ಚದರ ಮೀಟರ್ ಜಾಗ. 20 ಜನಕ್ಕೆ ಒಂದು ಶೌಚಾಲಯ. ಆ ಶೌಚಾಲಯಕ್ಕೆ ಒಳಗಿನಿಂದ ಚಿಲಕ ಇದೆಯಾ, ದಾರಿಯಲ್ಲಿ ಲೈಟ್ ಇದೆಯಾ ಅಂತ ಹೆಂಗಸರನ್ನೇ ಕೇಳಿ. ಲೈಟ್ ಇಲ್ಲದಿದ್ದರೆ ಅವರು ಕತ್ತಲಾದ ಮೇಲೆ ಹೋಗಬೇಕಾಗುತ್ತದೆ ಅಂತ ಸಂಜೆಯಿಂದ ನೀರೇ ಕುಡಿಯಲ್ಲ. ಇದನ್ನು ಗಂಡಸರು ಎಷ್ಟು ಓಡಾಡಿದರೂ ಕಂಡುಹಿಡಿಯಲ್ಲ, ಕೇಳಿದರೆ ಒಂದೇ ನಿಮಿಷ.

ದುಃಖದಲ್ಲಿರುವವರ ಹತ್ತಿರ ಹೇಗೆ ಮಾತಾಡಬೇಕು ಅಂತ ಅರ್ಧ ಗಂಟೆ ಹೇಳುವುದಿತ್ತು, ಫಾದರ್ ಆಗಲೇ ಗಡಿಯಾರ ತೋರಿಸ್ತಾ ಇದ್ದಾರೆ. ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಬೈಬಲಿನ ಯೋಬನ ಸ್ನೇಹಿತರನ್ನು ನೆನಪಿಡಿ. 7 ಹಗಲು 7 ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಒಂದು ಮಾತೂ ಆಡಲಿಲ್ಲ. ಅಷ್ಟರವರೆಗೆ ಎಲ್ಲ ಸರಿ ಇತ್ತು. ಬಾಯಿ ಬಿಟ್ಟು ಕಾರಣ ಹೇಳಲು ಹೊರಟಾಗ ಕೆಟ್ಟಿತು. ಮಗನನ್ನು ಕಳೆದುಕೊಂಡ ತಾಯಿಗೆ "ದೇವರ ಚಿತ್ತ" ಅಂತ ದಯವಿಟ್ಟು ಹೇಳಬೇಡಿ. ಪಕ್ಕದಲ್ಲಿ ಕೂತಿರಿ, ಅವರು ಹೇಳಿದರೆ ಕೇಳಿ, ಹೇಳದಿದ್ದರೆ ಕೆದಕಬೇಡಿ, ನೆಂಟರಿಗೆ ಫೋನ್ ಮಾಡಿಸಿಕೊಡಿ.

ಉಳಿದದ್ದು ಬೇಗ ಹೇಳಿಬಿಡ್ತೀನಿ. ಹರಿಯುವ ನೀರಿಗೆ ಇಳಿಯಬೇಡಿ, ಎಷ್ಟೇ ಈಜು ಬರಲಿ. ರಭಸದ ನೀರು 15 ಸೆಂಟಿಮೀಟರ್ ಇದ್ದರೂ ದೊಡ್ಡವರನ್ನು ಬೀಳಿಸಬಲ್ಲದು, 60 ಸೆಂಟಿಮೀಟರ್ ಆದರೆ ಹೆಚ್ಚಿನ ಕಾರುಗಳನ್ನೂ ಎಳೆದೊಯ್ಯುತ್ತದೆ. ದಡದಿಂದ ಕೋಲು ಚಾಚಿ, ಹಗ್ಗ ಎಸೆಯಿರಿ, ಖಾಲಿ ಕ್ಯಾನ್ ಕಟ್ಟಿ ಎಸೆಯಿರಿ. ತೋಡಿನ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಅಥವಾ ನಿಂತರೆ, ಗುಡ್ಡದಲ್ಲಿ ಹೊಸ ಬಿರುಕು ಕಂಡರೆ ಜನರನ್ನು ಎಬ್ಬಿಸಿ ದೂರ ಕರೆದುಕೊಂಡು ಹೋಗಿ, 112 ಅಥವಾ ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೆ ತಿಳಿಸಿ. ಜಿಲ್ಲೆಯಲ್ಲಿ ವಿಪತ್ತು ಪ್ರಾಧಿಕಾರದ ಮುಖ್ಯಸ್ಥರು ಜಿಲ್ಲಾಧಿಕಾರಿ. ಹಾಗಾಗಿ ನಮ್ಮಷ್ಟಕ್ಕೆ ನಾವೇ ಕೆಲಸಕ್ಕೆ ಇಳಿಯದೆ, ಹೋದ ಕೂಡಲೇ ಕೇಂದ್ರದ ಅಧಿಕಾರಿಗೆ ಹೆಸರು ಕೊಟ್ಟು, ಏನು ಕೆಲಸ ಅಂತ ಕೇಳಿ. ಪಾತ್ರೆ ತೊಳೆಯಿರಿ ಅಂದರೆ ಪಾತ್ರೆ ತೊಳೆಯಿರಿ. ದುಡ್ಡಿನ ಲೆಕ್ಕಕ್ಕೆ ಬೈಬಲಿನಲ್ಲಿ ಪೌಲ ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯ ಓದಿ. ಜನ ಕೊಟ್ಟ ಹಣದ ವಿಷಯದಲ್ಲಿ ಯಾರೂ ಬೊಟ್ಟು ಮಾಡಬಾರದು ಅಂತ ಪೌಲ ತನ್ನ ಜೊತೆ ಬೇರೆಯವರನ್ನೂ ಸೇರಿಸಿದ. ನಮ್ಮಲ್ಲೂ ರಸೀದಿಗೆ ಇಬ್ಬರ ಸಹಿ. ಕೊಡುವಾಗ ಫೋಟೋ ಬೇಡ, ಮಕ್ಕಳದ್ದಂತೂ ಬೇಡವೇ ಬೇಡ.

ಊಟ ಆದ ಮೇಲೆ 2 ಗಂಟೆಗೆ ಇಲ್ಲೇ ಸೇರೋಣ. ಗುರಿಕಾರರು ದಯವಿಟ್ಟು ನಿಮ್ಮ ವಾರ್ಡಿನ ಮನೆಗಳ ಪಟ್ಟಿ ತನ್ನಿ. ಹಾಸಿಗೆ ಹಿಡಿದವರು, ಬಸುರಿಯರು, ಒಬ್ಬರೇ ಇರುವ ವಯಸ್ಸಾದವರು ಯಾವ ಮನೆಯಲ್ಲಿದ್ದಾರೆ ಅಂತ ಗುರುತು ಹಾಕಬೇಕು. ಅಕ್ಕಪಕ್ಕದ ಹಿಂದೂ, ಮುಸ್ಲಿಂ ಮನೆಗಳನ್ನೂ ಸೇರಿಸಿ, ಅವರನ್ನು ಕೇಳಿಯೇ ಬರೆದುಕೊಳ್ಳಿ. ನದಿ ಕಡೆಯ ವಾರ್ಡಿನಿಂದ ಶುರು ಮಾಡೋಣ. ರಕ್ತದ ಗುಂಪು ಗೊತ್ತಿಲ್ಲದವರು ಊಟಕ್ಕೆ ಹೋಗುವ ಮುಂಚೆ ಸಿಸ್ಟರ್ ಹತ್ತಿರ ಹೆಸರು ಬರೆಸಿ ಹೋಗಿ.