ಹೊರಟ ಸಮಯ, ತಲುಪುವ ಸಮಯ

ಕೇಳುಗರಿಗೆ ನಮಸ್ಕಾರ.

ಇವತ್ತಿನ ಮಾತನ್ನು ಒಂದು ಚೀಟಿಯಿಂದ ಆರಂಭಿಸುತ್ತೇನೆ. 1995ರ ಸೆಪ್ಟೆಂಬರಿನಲ್ಲಿ ಇಸ್ರೇಲ್ ಮತ್ತು ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆ ಸಹಿ ಹಾಕಿದ ಎರಡನೆಯ ಓಸ್ಲೋ ಒಪ್ಪಂದದ ಅನುಬಂಧದಲ್ಲಿ ಇದರ ವಿವರ ಸಿಗುತ್ತದೆ. ಗಾಜಾ ಪಟ್ಟಿಯಿಂದ ಪಶ್ಚಿಮ ದಂಡೆಗೆ ಹೊರಟ ಪ್ಯಾಲೆಸ್ಟೀನಿ ಪ್ರಯಾಣಿಕನ ಕೈಯಲ್ಲಿ ಈ ಚೀಟಿ ಇರಲೇಬೇಕಿತ್ತು. ತಪಾಸಣಾ ಕೇಂದ್ರದಲ್ಲಿ ಇಸ್ರೇಲಿ ಅಧಿಕಾರಿಗಳು ಅದರ ಮೇಲೆ ಎರಡು ಹೊತ್ತುಗಳನ್ನು ಮುದ್ರೆ ಒತ್ತಬೇಕಿತ್ತು: ಹೊರಟ ಹೊತ್ತು, ಆಚೆ ತುದಿ ಸೇರಬೇಕಾದ ಹೊತ್ತು. ನಡುವೆ ಎಲ್ಲಿಯೂ ಇಳಿಯುವಂತಿರಲಿಲ್ಲ, ಗೊತ್ತುಪಡಿಸಿದ ರಸ್ತೆ ಬಿಟ್ಟು ಪಕ್ಕಕ್ಕೆ ತಿರುಗುವಂತಿರಲಿಲ್ಲ. ಯಾರಿಗಾದರೂ ಆರೋಗ್ಯ ಕೆಟ್ಟರೆ ಅಥವಾ ಗಾಡಿ ಕೆಟ್ಟರೆ ಮಾತ್ರ ತಡವಾದದ್ದಕ್ಕೆ ಮಾಫಿ ಇತ್ತು. ದಾರಿಬದಿಯಲ್ಲಿ ನಿಂತು ಒಂದು ಲೋಟ ಚಹಾ ಕುಡಿಯುವ ಆಸೆಯನ್ನು ಒಪ್ಪಂದ ಬರೆದವರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಗಾಜಾದ ಉತ್ತರ ತುದಿಯ ಎರೆಜ್‌ನಿಂದ ಹೆಬ್ರಾನ್ ಬಳಿಯ ತರ್ಕೂಮಿಯಾಕ್ಕೆ ಸುಮಾರು 44 ಕಿಲೋಮೀಟರ್. ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅಷ್ಟೂ ಉದ್ದಕ್ಕೆ ನೆಲ ಇಸ್ರೇಲಿನದು. ಎತ್ತಲೂ ಸೇರಿಕೊಳ್ಳದ ಈ ಎರಡು ತುಂಡುಗಳನ್ನು ಒಂದೇ ದೇಶವೆಂದು ಹೇಗೆ ಕರೆಯುವುದು ಎಂದು ಕೇಳುವವರಿದ್ದಾರೆ. ಕಾನೂನಿನ ಮಟ್ಟಿಗೆ ಅದು ದೊಡ್ಡ ತೊಡಕಲ್ಲ. ಅಲಾಸ್ಕಾಕ್ಕೂ ಅಮೆರಿಕದ ಉಳಿದ ರಾಜ್ಯಗಳಿಗೂ ನಡುವೆ ಕೆನಡಾ ಇದೆ. ಎರಡು ಹೋಳಾಗಿಯೇ ಹುಟ್ಟಿದ ಪಾಕಿಸ್ತಾನವನ್ನು ನಮ್ಮ ನೆಲವೇ ಇಪ್ಪತ್ತನಾಲ್ಕು ವರ್ಷ ಬೇರ್ಪಡಿಸಿತ್ತು. ದೇಶವೆನಿಸಿಕೊಳ್ಳಲು ನೆಲ ಒಂದಕ್ಕೊಂದು ಅಂಟಿಕೊಂಡೇ ಇರಬೇಕೆಂಬ ನಿಯಮ ಅಂತರರಾಷ್ಟ್ರೀಯ ಕಾನೂನಿನಲ್ಲಿ ಇಲ್ಲ. ತೊಡಕು ಇರುವುದು ನಡುವಿನ ರಸ್ತೆಯಲ್ಲಿ. ಅದರಲ್ಲಿ ಓಡಾಡುವುದು ಹಕ್ಕೋ, ಅಪ್ಪಣೆಯೋ?

1947ರ ನವೆಂಬರ್ 29ರಂದು ವಿಶ್ವಸಂಸ್ಥೆ ಒಪ್ಪಿದ ವಿಭಜನೆಯ ಯೋಜನೆಯಲ್ಲೂ ಈ ತಲೆನೋವು ಇತ್ತು. ಅರಬ್ ರಾಜ್ಯಕ್ಕೆ ಮೂರು ದೊಡ್ಡ ತುಂಡು, ಯಹೂದಿ ರಾಜ್ಯಕ್ಕೆ ಮೂರು ತುಂಡು. ಅವು ಒಂದನ್ನೊಂದು ಅಡ್ಡಹಾಯಲು ಎರಡು ಕಡೆ ಬರೀ ಬಿಂದುಗಳನ್ನು ಗುರುತಿಸಲಾಗಿತ್ತು. ಚದುರಂಗದ ಮಣೆಯಲ್ಲಿ ಮನೆಗಳು ಮೂಲೆಗೆ ಮೂಲೆ ತಾಗುತ್ತವಲ್ಲ, ಹಾಗೆ. ಯುದ್ಧ ಆ ನಕ್ಷೆಯನ್ನು ಅಳಿಸಿತು. ಗಾಜಾ ಈಜಿಪ್ಟಿನ ಕೈಗೆ ಬಂತು, ಪಶ್ಚಿಮ ದಂಡೆ ಜೋರ್ಡಾನಿನ ಕೈಗೆ.

ಮುಂದಿನದು ವಿಚಿತ್ರ. 1967ರಲ್ಲಿ ಇಸ್ರೇಲ್ ಎರಡನ್ನೂ ಆಕ್ರಮಿಸಿತು. 1972ರಲ್ಲಿ ಅಲ್ಲಿನವರಿಗೆಲ್ಲ ಒಟ್ಟಾಗಿ ಸಾಮಾನ್ಯ ಪರವಾನಗಿ ಕೊಟ್ಟಿತು. ಗಾಜಾದವರು ಇಸ್ರೇಲಿನ ರಸ್ತೆಗಳಲ್ಲೇ ಹಾದು ಹೆಬ್ರಾನಿಗೆ, ರಾಮಲ್ಲಾಕ್ಕೆ ಹೋಗಿ ಬರುತ್ತಿದ್ದರು. ಕೊಲ್ಲಿ ಯುದ್ಧದ ಹೊತ್ತಿಗೆ, 1991ರ ಜನವರಿಯಲ್ಲಿ, ಅದು ರದ್ದಾಗಿ ತಲೆಗೊಂದು ಪರವಾನಗಿ ಎಂದಾಯಿತು. 1993ರ ಮಾರ್ಚಿನಲ್ಲಿ ದಾರಿ ಇನ್ನಷ್ಟು ಬಿಗಿಯಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೊದಲ ಓಸ್ಲೋ ಒಪ್ಪಂದ ಪಶ್ಚಿಮ ದಂಡೆ ಮತ್ತು ಗಾಜಾ ಒಂದೇ ಪ್ರಾದೇಶಿಕ ಘಟಕ ಎಂದು ಬರೆಯಿತು. ಕಾಗದವೇ ಇಲ್ಲದಿದ್ದಾಗ ಜನ ಓಡಾಡಿಕೊಂಡಿದ್ದರು, ಕಾಗದ ಸಿದ್ಧವಾಗುವ ಹೊತ್ತಿಗೆ ದಾರಿ ಮುಚ್ಚಿತ್ತು.

ಆ ಕಾಗದ ರಸ್ತೆಗೆ ಇಳಿಯಲು ಇನ್ನೂ ಆರು ವರ್ಷ ಹಿಡಿಯಿತು. 1999ರ ಅಕ್ಟೋಬರ್ 5ರಂದು ಸುರಕ್ಷಿತ ಹಾದಿಯ ಒಡಂಬಡಿಕೆಗೆ ಸಹಿ ಬಿತ್ತು, ಅದೇ ತಿಂಗಳು 25ರಂದು ಮೊದಲ ಪ್ರಯಾಣಿಕರು ಹೊರಟರು. ಇಸ್ರೇಲಿನೊಳಗೆ ಪ್ರವೇಶ ನಿರಾಕರಿಸಲ್ಪಟ್ಟವರಿಗೂ ಅದರಲ್ಲಿ ಎಡೆಯಿತ್ತು. ಅಂಥವರನ್ನು ಪೊಲೀಸ್ ಬೆಂಗಾವಲಿನ ಬಸ್ಸುಗಳಲ್ಲಿ ಸಾಗಿಸುವ ಏರ್ಪಾಡು. ಇಷ್ಟು ದಿನ ದೂರವಾಣಿಯಲ್ಲಷ್ಟೇ ಮಾತಾಡಿಕೊಂಡಿದ್ದ ಬಂಧುಗಳು ಎದುರುಬದುರು ಕೂರುವಂತಾಯಿತು. ಒಪ್ಪಂದದಲ್ಲಿ ಒಂದು ಜಾಣ ವಾಕ್ಯವೂ ಇತ್ತು. ಭದ್ರತೆಯ ಕಾರಣಕ್ಕೆ ಇಸ್ರೇಲ್ ಒಂದು ಹಾದಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಬಹುದು, ಆದರೆ ಇನ್ನೊಂದು ತೆರೆದಿರಬೇಕು. ಉತ್ತರದ ಆ ಇನ್ನೊಂದು ಹಾದಿ ತೆರೆಯಲೇ ಇಲ್ಲ. 2000ದ ಸೆಪ್ಟೆಂಬರ್ ಕೊನೆಗೆ ಎರಡನೆಯ ಇಂತಿಫಾದಾ, ಅಂದರೆ ಪ್ಯಾಲೆಸ್ಟೀನಿಯರ ಬಂಡಾಯ, ಸಿಡಿಯಿತು, ಅಕ್ಟೋಬರಿನಲ್ಲಿ ದಕ್ಷಿಣದ ಹಾದಿಯನ್ನೂ ಮುಚ್ಚಲಾಯಿತು. ಒಟ್ಟು ಆಯುಸ್ಸು ಒಂದು ವರ್ಷಕ್ಕೂ ಕಡಿಮೆ.

2005ರ ನವೆಂಬರಿನಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಂಡೊಲೀಜಾ ರೈಸ್ ಎದುರು ಮತ್ತೊಂದು ಒಪ್ಪಂದವಾಯಿತು. ಡಿಸೆಂಬರ್ 15ಕ್ಕೆ ಬಸ್ಸು, ಜನವರಿ 15ಕ್ಕೆ ಲಾರಿ ಎಂದು ತಾರೀಖನ್ನೂ ಬರೆದರು. ಒಂದು ಬಸ್ಸೂ ಹೊರಡಲಿಲ್ಲ. 2007ರಲ್ಲಿ ಗಾಜಾ ಹಮಾಸ್ ವಶವಾದ ಮೇಲೆ ಆ ಮಾತೇ ನಿಂತಿತು.

ಇಸ್ರೇಲಿನ ಅಂಜಿಕೆಯೂ ಬುಡವಿಲ್ಲದ್ದಲ್ಲ. ಆತ್ಮಾಹುತಿ ಬಾಂಬುಗಳನ್ನು ಕಂಡ ದೇಶ ಅದು. ಅಲ್ಲದೆ, ನಡುವಿನ ಪಟ್ಟಿಯನ್ನು ಪ್ಯಾಲೆಸ್ಟೀನಿಗೆ ಪೂರ್ತಿ ಬಿಟ್ಟುಕೊಟ್ಟರೆ ಇಸ್ರೇಲೇ ಎರಡಾಗುತ್ತದೆ, ದಕ್ಷಿಣದ ನೆಗೆವ್ ಪ್ರದೇಶ ಬೇರೆಯಾಗುತ್ತದೆ. ಹಾಗಾಗಿಯೇ ಇಸ್ರೇಲಿನ ಮಾಜಿ ಪ್ರಧಾನಿ ಎಹುದ್ ಬರಾಕ್ ಕಂಬಗಳ ಮೇಲಿನ ಎತ್ತರದ ರಸ್ತೆಯ ಮಾತಾಡಿದರು, 2020ರ ಟ್ರಂಪ್ ಯೋಜನೆ ಸುರಂಗವನ್ನು ಬರೆಯಿತು. ಆಕಾಶ, ಪಾತಾಳ ಎರಡೂ ಆದವು. ನನ್ನ ಮಟ್ಟಿಗೆ ಇವೆಲ್ಲ ಎಂಜಿನಿಯರುಗಳ ಹೆಗಲಿಗೆ ರಾಜಕಾರಣದ ಹೊರೆ ಹೊರಿಸುವ ಉಪಾಯ. ಎರಡೂ ಕಡೆಯ ಖಾಸಗಿ ಮುಖಂಡರು ಸೇರಿ 2003ರಲ್ಲಿ ರೂಪಿಸಿದ ಜಿನೀವಾ ಕರಡು ಇದಕ್ಕಿಂತ ನೇರವಾಗಿತ್ತು: ನೆಲದ ಸಾರ್ವಭೌಮತ್ವ ಇಸ್ರೇಲಿಗೆ, ಹಾದಿಯ ಆಡಳಿತ ಪ್ಯಾಲೆಸ್ಟೀನಿಗೆ, ಹಾದಿ ಸದಾ ತೆರೆದಿರಬೇಕು.

ಒಡೆತನ ಒಬ್ಬರದು, ಓಡಾಟ ಇನ್ನೊಬ್ಬರದು ಎಂಬುದು ಹೊಸ ಮಾತೇನಲ್ಲ. ಪೋರ್ಚುಗೀಸರು ದಮನ್‌ನಿಂದ ದಾದ್ರಾ ಮತ್ತು ನಗರ ಹವೇಲಿಗೆ ಹೋಗಲು ಭಾರತದ ನೆಲ ದಾಟಬೇಕಿತ್ತು. 1954ರಲ್ಲಿ ಭಾರತ ತಡೆದಾಗ ಅವರು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಬಾಗಿಲು ತಟ್ಟಿದರು. 1960ರ ಏಪ್ರಿಲ್ 12ರ ತೀರ್ಪು ಹೀಗಿತ್ತು: ದೀರ್ಘಕಾಲದ ರೂಢಿಯಿಂದಾಗಿ ಸಾಮಾನ್ಯ ಜನರಿಗೆ, ಸಿವಿಲ್ ಅಧಿಕಾರಿಗಳಿಗೆ, ಸರಕಿಗೆ ದಾಟುವ ಹಕ್ಕುಂಟು. ಸೈನ್ಯಕ್ಕೆ, ಶಸ್ತ್ರಸಜ್ಜಿತ ಪೊಲೀಸರಿಗೆ, ಮದ್ದುಗುಂಡಿಗೆ ಇಲ್ಲ. ಆ ಹಕ್ಕಿನ ಬಳಕೆಯನ್ನು ನಿಯಂತ್ರಿಸುವ ಅಧಿಕಾರ ಭಾರತದ್ದು, ಭಾರತ ತನ್ನ ಹೊಣೆ ಮೀರಿಲ್ಲ. ಎರಡೂ ಕಡೆಯವರು ಗೆದ್ದೆವೆಂದು ಹೇಳಿಕೊಳ್ಳಬಹುದಾದ ತೀರ್ಪು. ಹಕ್ಕು ಇದ್ದೂ ಬಾಗಿಲು ಮುಚ್ಚಬಹುದು ಎಂಬುದನ್ನೂ ಅದು ತೋರಿಸಿಕೊಟ್ಟಿತು.

ಮತ್ತೊಂದು ನಿದರ್ಶನ ಜೆರುಸಲೇಮಿನಲ್ಲೇ ಇದೆ. 1948ರಿಂದ 1967ರವರೆಗೆ ಸ್ಕೋಪಸ್ ಬೆಟ್ಟದ ಮೇಲಿನ ಹೀಬ್ರೂ ವಿಶ್ವವಿದ್ಯಾಲಯ ಮತ್ತು ಹದಸ್ಸಾ ಆಸ್ಪತ್ರೆಯ ಆವರಣ ಇಸ್ರೇಲಿನದು, ಸುತ್ತಲೂ ಜೋರ್ಡಾನ್. ಹದಿನೈದು ದಿನಕ್ಕೊಮ್ಮೆ ವಿಶ್ವಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಇಸ್ರೇಲಿ ವಾಹನಗಳ ಸಾಲು ಶತ್ರುವಿನ ನೆಲ ದಾಟಿ ಮೇಲೇರುತ್ತಿತ್ತು. ಜಗಳಗಳು ನಡೆದವು, ಆದರೂ ಹತ್ತೊಂಬತ್ತು ವರ್ಷ ಸಾಗಿತು. ಎರಡೂ ಕಡೆಗೆ ಸೇರದ ಮೂರನೆಯವರೊಬ್ಬರು ಅಲ್ಲಿದ್ದರು. ಎರೆಜ್‌ನಲ್ಲಿ ಮುದ್ರೆ, ಗಡಿಯಾರ, ಗೇಟು ಮೂರೂ ಒಬ್ಬರ ಕೈಯಲ್ಲೇ ಇದ್ದವು.

2024ರ ಜುಲೈ 19ರ ಸಲಹಾ ಅಭಿಪ್ರಾಯದಲ್ಲಿ ಅದೇ ಹೇಗ್ ನ್ಯಾಯಾಲಯ ಪೂರ್ವ ಜೆರುಸಲೇಮ್, ಪಶ್ಚಿಮ ದಂಡೆ, ಗಾಜಾ ಮೂರೂ ಒಂದೇ ಘಟಕ, ಅದರ ಏಕತೆಯನ್ನೂ ಅವಿಚ್ಛಿನ್ನತೆಯನ್ನೂ ಕಾಪಾಡಬೇಕು ಎಂದಿತು. ಆದರೆ ಪಶ್ಚಿಮ ದಂಡೆಯೊಳಗೇ ಅವಿಚ್ಛಿನ್ನತೆ ಎಲ್ಲಿದೆ? ಸುಮಾರು ಶೇಕಡಾ 60 ನೆಲ ಇಸ್ರೇಲಿನ ಪೂರ್ಣ ಹತೋಟಿಯ ಸಿ ವಲಯ, ಉಳಿದದ್ದು ಅದರ ನಡುವಿನ ನಡುಗಡ್ಡೆಗಳು. ಬೆತ್ಲೆಹೆಮ್‌ನಿಂದ ರಾಮಲ್ಲಾಕ್ಕೆ ಜೆರುಸಲೇಮಿನ ಮೂಲಕ ಹೋಗಲಾಗದ ಗಾಡಿಗಳು ವಾದಿ ಅನ್ನಾರ್, ಅಂದರೆ ಬೆಂಕಿಯ ಕಣಿವೆ, ಎಂಬ ಇಳಿಜಾರಿನ ತಿರುವುಗಳನ್ನು ಸುತ್ತಿಕೊಂಡು ಹೋಗುತ್ತವೆ. ಜೆರುಸಲೇಮಿನ ಪೂರ್ವಕ್ಕೆ ಇ-1 ಎಂಬಲ್ಲಿ ಸುಮಾರು 3,400 ಮನೆಗಳ ವಸಾಹತಿಗೆ 2025ರ ಆಗಸ್ಟಿನಲ್ಲಿ ಇಸ್ರೇಲ್ ಒಪ್ಪಿಗೆ ಕೊಟ್ಟಿತು. ಪ್ಯಾಲೆಸ್ಟೀನಿಯರಿಗೆ ಬೇರೆ ರಸ್ತೆ ಹಾಕಿಕೊಡುತ್ತೇವೆ, ಸಂಚಾರಕ್ಕೆ ತೊಂದರೆಯಿಲ್ಲ ಎಂಬುದು ಅದರ ವಾದ. ಅಂದರೆ ಊರುಗಳ ನಡುವೆ ನೆಲ ಇರುವುದಿಲ್ಲ, ಡಾಂಬರು ಮಾತ್ರ ಇರುತ್ತದೆ.

ಕೊನೆಗೆ ಇನ್ನೊಂದು ಚೀಟಿ. ಪ್ಯಾಲೆಸ್ಟೀನಿಯರ ಗುರುತಿನ ಚೀಟಿಯ ಹಿಂದಿರುವ ಜನಸಂಖ್ಯಾ ದಾಖಲೆಯಲ್ಲಿ ವಿಳಾಸದ ಕಲಮು ಇದೆ. ವಾಸಸ್ಥಳ ಬದಲಾದರೆ ಪ್ಯಾಲೆಸ್ಟೀನಿ ಆಡಳಿತ ಇಸ್ರೇಲಿಗೆ ತಿಳಿಸಿದರೆ ಸಾಕು ಎಂದು 1995ರ ಒಪ್ಪಂದ ಹೇಳುತ್ತದೆ. ರೂಢಿಯಲ್ಲಿ ಇಸ್ರೇಲ್ ಒಪ್ಪದೆ ಆ ಕಲಮು ಬದಲಾಗುವುದಿಲ್ಲ. ಅದರಲ್ಲಿ ಗಾಜಾ ಎಂದಿದ್ದವರು ರಾಮಲ್ಲಾದಲ್ಲಿ ಮದುವೆಯಾಗಿ, ಮಕ್ಕಳನ್ನು ಶಾಲೆಗೆ ಸೇರಿಸಿ, ಬಾಡಿಗೆ ಕಟ್ಟಿಕೊಂಡು ಎಷ್ಟೇ ವರ್ಷ ಇದ್ದರೂ ದಾಖಲೆಯ ಪ್ರಕಾರ ಅವರು ಆ 44 ಕಿಲೋಮೀಟರ್ ದಾಟಿಲ್ಲ.

ನಮಸ್ಕಾರ.